ಮೂರನೇ ಶನಿವಾರ

ಅಜ್ಜಾವರದ ವೆಂಕಪ್ಪ ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಹಿಂದೆ ಕೂತು ಒಂದೇ ಕೆಲಸ ಮಾಡಿದ. ಮನೆ ಪುತ್ತೂರಿನ ಬೊಳುವಾರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಹೋದರೆ ಸಂಜೆ ಅದೇ ರೈಲಿನಲ್ಲಿ ವಾಪಸು. ಕೆಲಸವೆಂದರೆ ಓದುವುದು. ಗೇರುಬೀಜವೋ ಕಾಳುಮೆಣಸೋ ಹಾಳೆತಟ್ಟೆಯೋ ಹಡಗಿಗೆ ಏರಿಸಿ ಪರದೇಶಕ್ಕೆ ಕಳಿಸಿದವರು ತಂದುಕೊಡುವ ಕಾಗದಗಳನ್ನು ಒಂದಕ್ಷರ ಬಿಡದೆ ಓದಿ, ಸರಿ ಉಂಟೋ ಇಲ್ಲವೋ ಹೇಳುವುದು.

ಕೊಳ್ಳುವವನು ಸಮುದ್ರದ ಆಚೆ, ಮಾರುವವನು ಈಚೆ. ಒಬ್ಬರ ಮುಖ ಒಬ್ಬರು ಕಂಡಿರುವುದಿಲ್ಲ. ಹಾಗಾಗಿ ಕೊಳ್ಳುವವನ ಬ್ಯಾಂಕು ನಡುವೆ ನಿಂತು ಒಂದು ಮಾತು ಕೊಡುತ್ತದೆ: ಇಂತಿಂಥ ಕಾಗದಗಳನ್ನು, ಇಂಥ ತಾರೀಕಿನೊಳಗೆ, ನಾನು ಹೇಳಿದಂತೆಯೇ ತಂದೊಪ್ಪಿಸಿದರೆ ಹಣ ನನ್ನ ಹೊಣೆ. ಆ ಮಾತಿನ ಪತ್ರಕ್ಕೆ ಎಲ್‌ಸಿ ಎಂದು ಹೆಸರು. ಮಾಲು ಹೇಗಿದೆ ಎಂದು ಬ್ಯಾಂಕು ಕೇಳುವುದಿಲ್ಲ, ಪೆಟ್ಟಿಗೆ ಬಿಚ್ಚಿ ನೋಡುವುದೂ ಇಲ್ಲ. ನೋಡುವುದು ಕಾಗದವನ್ನು ಮಾತ್ರ. ವೆಂಕಪ್ಪ ಆ ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ಹಡಗು ಮಾಲಿಗೆ ಸೈ ಎಂದನೋ ಲೆಕ್ಕವಿಲ್ಲ. ಒಂದು ಹಡಗನ್ನೂ ಹತ್ತಿರದಿಂದ ಕಂಡವನಲ್ಲ.

ಅವನ ಓದು ನಿಧಾನದ್ದು. ಸಾಲಿನ ಕೆಳಗೆ ಸ್ಟೀಲಿನ ಸ್ಕೇಲು ಇಟ್ಟುಕೊಂಡು ತುಟಿಯೊಳಗೇ ಗುಣುಗುಣಿಸುತ್ತ ಓದುತ್ತಿದ್ದ. ಇನ್‌ವಾಯ್ಸಿನಲ್ಲಿ ಒಂದು ತೂಕ, ಹಡಗಿನ ರಸೀದಿಯಲ್ಲಿ ಇನ್ನೊಂದು ತೂಕ ಇದ್ದರೆ ಸ್ಕೇಲು ಅಲ್ಲಿ ನಿಲ್ಲುತ್ತಿತ್ತು. ಮನೆಯಲ್ಲೂ ಇದೇ ಚಾಳಿ. "ಬೇರೆಯವರು ಮದುವೆ ಕಾಗದ ಬಂದ್ರೆ ಊಟ ಎಲ್ಲಿ ಅಂತ ನೋಡುದು. ಇವರು ತಾರೀಕಿಗೂ ವಾರಕ್ಕೂ ತಾಳೆ ಉಂಟಾ ಅಂತ ನೋಡುದು" ಎಂದು ಹೆಂಡತಿ ನೀಲಾವತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಹಾಗೆಂದು ಅವನು ತಪ್ಪು ಸಿಕ್ಕಿತೆಂದು ಹಿಗ್ಗುವ ಜನ ಅಲ್ಲ. ತಪ್ಪು ಕಂಡ ಕೂಡಲೇ ಫೋನು ಮಾಡಿ, "ನಾಳೆಯೊಳಗೆ ಸರಿಮಾಡಿಸಿ ತನ್ನಿ, ಇನ್ನೂ ನಾಲ್ಕು ದಿನ ಉಂಟು" ಎನ್ನುತ್ತಿದ್ದ. ಎಷ್ಟೋ ಜನ ಅವನಿಂದಾಗಿ ಉಳಿದುಕೊಂಡರು. ವಾಯಿದೆಯೊಳಗಿನ ತಪ್ಪಿಗೆ ಮದ್ದುಂಟು. ವಾಯಿದೆ ದಾಟಿದರೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ಕಲ್ಲುಗುಂಡಿಯ ಅಲಿ ಕುಂಞಿ ಅವನ ಕಾಲೇಜಿನ ದಿನಗಳ ಗೆಳೆಯ. ಸುಳ್ಯದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದವರು. ಅಲಿ ಎರಡನೇ ವರ್ಷಕ್ಕೇ ಓದು ಬಿಟ್ಟು ತಂದೆಯ ಪಿಕಪ್ ಹಿಡಿದ. ಆದರೆ ಗೆಳೆತನ ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಅಜ್ಜಾವರದ ಮನೆಗೆ ಬಂದರೆ ವೆಂಕಪ್ಪನ ಅಕ್ಕ ಸೀತು ಇಬ್ಬರಿಗೂ ಬಡಿಸುತ್ತಿದ್ದಳು. ಸೀತಕ್ಕನನ್ನು ಮುಂದೆ ಸಂಪಾಜೆ ಘಾಟಿಯ ಮೇಲೆ, ಜೋಡುಪಾಲದ ಆಚೆಗೆ ಮದುವೆ ಮಾಡಿ ಕೊಟ್ಟರು. ಘಾಟಿ ಹತ್ತುವಾಗಲೆಲ್ಲ ಅಲಿ ಅವಳಿಗೆ ಒಣಮೀನೋ ಬೆಲ್ಲವೋ ತಲುಪಿಸಿ ಹೋಗುತ್ತಿದ್ದ.

ಎಷ್ಟೋ ವರ್ಷ ಕಳೆದು ಅಲಿ ಕುಂಞಿ ಕಲ್ಲುಗುಂಡಿಯ ರಸ್ತೆ ಬದಿಯಲ್ಲಿ ಒಂದು ಶೆಡ್ ಹಾಕಿ ಹಾಳೆತಟ್ಟೆ ಮಾಡುವ ನಾಲ್ಕು ಯಂತ್ರ ಇಟ್ಟ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿಗೆ ಒತ್ತಿದರೆ ತಟ್ಟೆ. ಇಪ್ಪತ್ತೆರಡು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಮೊದಲು ಮುಂಬಯಿಯ ವ್ಯಾಪಾರಿಗೆ ಕೊಡುತ್ತಿದ್ದ. ಆಮೇಲೆ ಜರ್ಮನಿಯ ಒಬ್ಬರಿಂದ ನೇರ ಆರ್ಡರ್ ಬಂತು. ಆ ಸಂತೋಷದಲ್ಲಿ ಅವನು ಮಂಗಳೂರಿಗೇ ಓಡಿಬಂದಿದ್ದ.

"ನಂಬಿಕೆ ಮೇಲೆ ಕಳಿಸ್ತೇನೆ ಮಾರಾಯ. ಒಳ್ಳೆ ಜನ."

"ಒಳ್ಳೆ ಜನ ಆಗಿರ್ಲಿ. ಆದ್ರೂ ಎಲ್‌ಸಿ ಕೇಳು. ಆಗ ಅವರು ಒಳ್ಳೆಯವರಾದ್ರೂ ಕೆಟ್ಟವರಾದ್ರೂ ನಿನಗೆ ಹಣ ಬರ್ತದೆ" ಎಂದ ವೆಂಕಪ್ಪ. ಯಾವ ಕಾಗದ ಹೇಗಿರಬೇಕೆಂದು ಎರಡು ಭಾನುವಾರ ಕೂತು ಹೇಳಿಕೊಟ್ಟ. ಮೊದಲ ಎರಡು ಕಂಟೈನರಿನ ಕಾಗದ ಸಲೀಸಾಗಿ ಹೋಯಿತು, ಹಣವೂ ಸಲೀಸಾಗಿ ಬಂತು. ಮೂರನೆಯದು ದೊಡ್ಡದು. ಅದಕ್ಕಾಗಿ ಅಲಿ ಇನ್ನೆರಡು ಯಂತ್ರ ತರಿಸಿದ್ದ.

ಅದು 2018. ಆ ಎಲ್‌ಸಿಯ ವಾಯಿದೆ ಆಗಸ್ಟ್ ಹದಿನೆಂಟು, ಶನಿವಾರ. ಹದಿನಾರರ ಸಂಜೆ ಅಲಿ ಫೋನು ಮಾಡಿದ. "ಹಡಗಿನ ರಸೀದಿ ಕೈಗೆ ಸಿಕ್ಕಿತು. ಎಲ್ಲ ಕಟ್ಟಿ ಇಟ್ಟಿದ್ದೇನೆ. ನಾಳೆ ಬರ್ತೇನೆ."

ಮರುದಿನ ಘಾಟಿಯ ಗುಡ್ಡಗಳು ಜರಿದವು. ಜೋಡುಪಾಲದ ಬದಿಯಲ್ಲಿ ಮನೆಗಳ ಮೇಲೆಯೇ ಮಣ್ಣು ಬಂತು, ರಸ್ತೆ ಹೋಯಿತು. ಸುದ್ದಿ ಕೇಳಿದ ಕೂಡಲೇ ವೆಂಕಪ್ಪ ಅಕ್ಕನಿಗೆ ಫೋನು ಹಚ್ಚಿದ, ಹೋಗಲಿಲ್ಲ. ಅಲಿಗೆ ಹಚ್ಚಿದ, ಅದೂ ಹೋಗಲಿಲ್ಲ. ಶನಿವಾರ ರಜೆ ಹಾಕಿ ಹೊರಡುತ್ತೇನೆಂದರೆ ನೀಲಾವತಿ, "ಸುಳ್ಯದಿಂದ ಮೇಲೆ ಯಾರನ್ನೂ ಬಿಡುದಿಲ್ಲಂತೆ. ಹೋಗಿ ಎಂತ ಮಾಡ್ತೀರಿ? ಅಲ್ಲಿಯವರಿಗೆ ಅಡ್ಡ ಆಗುದು" ಎಂದಳು. ಅವನು ಮಂಗಳೂರಿಗೇ ಹೋದ.

ಆ ದಿನ ಅವನು ಎದುರಿಗಿದ್ದ ಕಾಗದ ಓದಿದ್ದಕ್ಕಿಂತ ಫೋನು ಒತ್ತಿದ್ದೇ ಹೆಚ್ಚು. ಒಮ್ಮೆ ಅಕ್ಕನಿಗೆ, ಒಮ್ಮೆ ಅಲಿಗೆ. ಸುಳ್ಯದ ಪರಿಚಯದವರೊಬ್ಬರು ಸಿಕ್ಕಿದರು. ಮೇಲಿನಿಂದ ಜನ ಇಳಿಯುತ್ತಿದ್ದಾರೆ, ಕಲ್ಲುಗುಂಡಿಯ ಶಾಲೆಯಲ್ಲಿ ಗಂಜಿ ಕೇಂದ್ರ ಮಾಡಿದ್ದಾರೆ ಎಂದರು. ಅಲಿಯ ಮನೆಯಿಂದ ಒಂದು ಲಕೋಟೆ ತರಿಸಬಹುದೇ ಎಂದು ಕೇಳಲು ಬಾಯಿ ತೆರೆದ. ಅಷ್ಟು ಜನ ಮನೆ ಬಿಟ್ಟು ಬರುತ್ತಿರುವಾಗ ಲಕೋಟೆಯ ಮಾತು ಆಡಲು ನಾಚಿಕೆಯಾಯಿತು. ಫೋನು ಇಟ್ಟ.

ಆ ಶನಿವಾರ ತಿಂಗಳ ಮೂರನೆಯದು. ಎರಡನೆಯದೋ ನಾಲ್ಕನೆಯದೋ ಆಗಿದ್ದರೆ ಬ್ಯಾಂಕಿಗೆ ರಜೆ. ವಾಯಿದೆ ತಾನಾಗಿಯೇ ಸೋಮವಾರಕ್ಕೆ ಹೋಗುತ್ತಿತ್ತು. ನಿಯಮದಲ್ಲೇ ಹಾಗಿದೆ. ಮೂರನೇ ಶನಿವಾರಕ್ಕೆ ರಜೆಯಿಲ್ಲ. ವೆಂಕಪ್ಪ ಕೌಂಟರನ್ನು ಐದು ಗಂಟೆಯವರೆಗೆ ತೆರೆದಿಡಿಸಿದ. ಬಾಗಿಲು ಎಳೆಯುವ ಹೊತ್ತಿಗೂ ಒಮ್ಮೆ ರಸ್ತೆಗೆ ಬಂದು ನೋಡಿದ.

ಸೋಮವಾರ ಬ್ಯಾಂಕು ತೆರೆಯುವ ಮೊದಲೇ ಅಲಿ ಕುಂಞಿ ಮೆಟ್ಟಿಲ ಮೇಲೆ ಕೂತಿದ್ದ. ಪ್ಯಾಂಟಿನಲ್ಲಿ ಮೊಣಕಾಲಿನವರೆಗೆ ಕೆಮ್ಮಣ್ಣು ಒಣಗಿ ಗಟ್ಟಿಯಾಗಿತ್ತು. ಗಡ್ಡ ಬೋಳಿಸದೆ ನಾಲ್ಕು ದಿನವಾಗಿರಬೇಕು. ಎದ್ದವನೇ ಮೊದಲು ಹೇಳಿದ್ದು ಇಷ್ಟು: "ಸೀತಕ್ಕ ಶಾಲೆಯಲ್ಲಿದ್ದಾರೆ. ಸುಖ ಉಂಟು. ಅವರ ಅತ್ತೆಯೂ ಇದ್ದಾರೆ. ಹೆದರ್ಬೇಡ."

ವೆಂಕಪ್ಪ ಅವನ ಕೈ ಹಿಡಿದುಕೊಂಡ. ಅಕ್ಕನಿಗೆ ಬಿಸಿ ಊಟ ಸಿಗುತ್ತದೆಯೇ, ಹೊದಿಕೆ ಉಂಟೇ ಎಂದೆಲ್ಲ ಕೇಳಿದ. ಅಲಿ ಎಲ್ಲಕ್ಕೂ ತಲೆಯಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಕೋಟೆಯನ್ನು ಮೇಜಿನ ಮೇಲೆ ಇಟ್ಟ.

"ಶನಿವಾರ ಬರ್ಲಿಕ್ಕೆ ಆಗ್ಲಿಲ್ಲ. ಅಲ್ಲಿ ಜನ... ನಿನಗೆ ಗೊತ್ತುಂಟಲ್ಲ."

ವೆಂಕಪ್ಪ ಸ್ಕೇಲು ಇಟ್ಟು ಓದಿದ. ಇನ್‌ವಾಯ್ಸು, ಪೆಟ್ಟಿಗೆಗಳ ಪಟ್ಟಿ, ಹಡಗಿನ ರಸೀದಿ, ಹುಳದ ಔಷಧಿ ಹೊಡೆದ ಸರ್ಟಿಫಿಕೇಟು. ಎಲ್ಲಾದರೂ ಒಂದು ತಪ್ಪು ಸಿಗಲಿ, ಆಗ ಹೇಗೂ ಕಾಗದ ನಿಲ್ಲುತ್ತಿತ್ತು ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳಬಹುದು ಎಂದಿತ್ತೋ ಏನೋ ಅವನ ಮನಸ್ಸಿನಲ್ಲಿ. ಒಂದೂ ಸಿಗಲಿಲ್ಲ. ಇಷ್ಟು ಚೊಕ್ಕದ ಕಾಗದ ಅವನ ಮೇಜಿಗೆ ಬರುತ್ತಿದ್ದುದು ವರ್ಷಕ್ಕೆ ನಾಲ್ಕೋ ಐದೋ. ಬಂದದ್ದು ಮಾತ್ರ ವಾಯಿದೆ ಮುಗಿದ ಮೇಲೆ.

ಅಲಿ ಚಹಾಕ್ಕೆಂದು ಹೊರಗೆ ಹೋದಾಗ ಪಕ್ಕದ ಮೇಜಿನ ಪ್ರೀತಿಕಾ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಅವಳು ಅದೇ ವಿಭಾಗದ ಅಧಿಕಾರಿ, ಕೆಲಸ ಬಲ್ಲವಳು.

"ಸಾರ್, ಶನಿವಾರ ಐದು ಗಂಟೆವರೆಗೆ ನಾವು ಕೂತಿದ್ದೆವು. ಶನಿವಾರದ ಸೀಲ್ ಬಿದ್ರೆ ಕೇಳುವವರು ಯಾರು? ಅವರದ್ದು ಬೇರೆ ಎಂತ ತಪ್ಪೂ ಇಲ್ಲ."

ಕಾಗದ ಬ್ಯಾಂಕಿನ ಕೈಗೆ ಬಂದ ದಿನವನ್ನು ಒತ್ತುವ ತಾರೀಕಿನ ಸೀಲು ಮೇಜಿನ ಮೇಲೆಯೇ ಇತ್ತು. ರಬ್ಬರಿನ ಅಂಕಿಗಳನ್ನು ಹಿಂದಕ್ಕೆ ತಿರುಗಿಸಿದರೆ ಇಪ್ಪತ್ತು ಹೋಗಿ ಹದಿನೆಂಟು ಬರುತ್ತದೆ. ವೆಂಕಪ್ಪ ಸೀಲನ್ನು ಕೈಗೆ ತೆಗೆದುಕೊಂಡು, ಅಂಕಿಯ ಮೇಲೆ ಹೆಬ್ಬೆರಳಿಟ್ಟ. ಪ್ರಕೃತಿಯ ವಿಕೋಪದಲ್ಲಿ ಬ್ಯಾಂಕೇ ಮುಚ್ಚಿ ಹೋದರೂ, ಆ ನಡುವೆ ಮುಗಿದ ವಾಯಿದೆಗೆ ಬ್ಯಾಂಕು ಹೊಣೆಯಲ್ಲ ಎನ್ನುವ ನಿಯಮ ಅವನಿಗೆ ಬಾಯಿಪಾಠ. ಇಲ್ಲಿಯಾದರೋ ಬ್ಯಾಂಕು ಮುಚ್ಚಿರಲೂ ಇಲ್ಲ. ತಾನು ಇಷ್ಟು ವರ್ಷ ಒಂದು ದಿನ ತಡವಾಗಿ ಬಂದ ಎಷ್ಟು ಜನರನ್ನು ಹಿಂದಕ್ಕೆ ಕಳಿಸಿದ್ದೇನೆ ಎಂದು ನೆನೆದ. ಅವರಲ್ಲಿಯೂ ಯಾರದೋ ತಾಯಿ ತೀರಿಹೋಗಿದ್ದರು, ಯಾರದೋ ಮಗುವಿಗೆ ಆಪರೇಷನ್ ಇತ್ತು.

ಸೋಮವಾರದ ಸೀಲನ್ನೇ ಒತ್ತಿದ.

ಅಲಿ ಒಳಗೆ ಬಂದು ಅದನ್ನು ನೋಡಿದ. "ಅವರ ಬ್ಯಾಂಕಿಗೆ ಬರೆಯುತ್ತೇನೆ" ಎಂದ ವೆಂಕಪ್ಪ. "ಗುಡ್ಡ ಜರಿದದ್ದು, ರಸ್ತೆ ಹೋದದ್ದು ಎಲ್ಲ ಬರೆಯುತ್ತೇನೆ. ಕೊಳ್ಳುವವರು ಒಪ್ಪಿದ್ರೆ ತಡವಾದದ್ದನ್ನು ಬಿಟ್ಟುಬಿಡ್ಲಿಕ್ಕೆ ಆಗ್ತದೆ."

"ಒಪ್ತಾರೆ," ಎಂದ ಅಲಿ. "ನಾನು ಹೇಳಿದೆ ಅಲ್ವಾ, ಒಳ್ಳೆ ಜನ."

ಮುಂದಿನ ಭಾನುವಾರ ರಸ್ತೆಯಲ್ಲಿ ಕಲ್ಲುಗುಂಡಿಯವರೆಗೆ ಬಿಡುತ್ತಾರೆಂದು ತಿಳಿದು ವೆಂಕಪ್ಪ ಅಕ್ಕನನ್ನು ನೋಡಲು ಹೋದ. ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಸೀತಕ್ಕ ಕೂತಿದ್ದಳು. ಪಕ್ಕದಲ್ಲಿ ಹಾಸಿಗೆ ಹಿಡಿದ ಅತ್ತೆ ಮಲಗಿದ್ದರು. ಗಂಡ ತೀರಿಹೋಗಿ ಆರು ವರ್ಷ; ಮಗ ಹರಿಪ್ರಸಾದ ಮೈಸೂರಿನಲ್ಲಿದ್ದ. ಮನೆಯಲ್ಲಿ ಇದ್ದದ್ದು ಈ ಇಬ್ಬರೇ ಹೆಂಗಸರು.

ಬಂದದ್ದು ಹೇಗೆ ಎಂದು ಕೇಳಿದ. ಸೀತಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೇಳತೊಡಗಿದಳು.

"ಶುಕ್ರವಾರ ಎಲ್ಲರೂ ಇಳಿದ್ರು. ನಾನು ಅತ್ತೆಯನ್ನು ಬಿಟ್ಟು ಹೇಗೆ ಬರುದು? ಅಲಿ ಅವನ ಪಿಕಪ್ಪಿನಲ್ಲಿ ಜನ ಇಳಿಸ್ತಾ ಇದ್ದ. ಶನಿವಾರ ಬೆಳಿಗ್ಗೆ ಯಾರೋ ಹೇಳಿದ್ರಂತೆ, ಸೀತಕ್ಕ ಬರ್ಲಿಲ್ಲ ಅಂತ. ರಸ್ತೆ ತುಂಡಾದಲ್ಲಿ ಗಾಡಿ ನಿಲ್ಲಿಸಿ, ಕೆಸರಿನಲ್ಲಿ ನಡೆದು ಬಂದ. ಅತ್ತೆಯನ್ನು ಕುರ್ಚಿಗೆ ಕಟ್ಟಿ, ಅವನೂ ಇನ್ನೊಬ್ಬನೂ ಹೊತ್ತದ್ದು. ಅರ್ಧ ದಾರಿಯಲ್ಲಿ ವಾಚು ನೋಡಿದ. ಸೀತಕ್ಕ, ನನಗೆ ಸಂಜೆಯೊಳಗೆ ಮಂಗಳೂರಿಗೆ ಮುಟ್ಬೇಕಿತ್ತು, ಬ್ಯಾಂಕಿಂದು ಒಂದು ಕೆಲಸ ಉಂಟು, ಕೆಳಗೆ ಬೇರೆಯವರಿಗೆ ಒಪ್ಪಿಸಿ ಹೋಗ್ಲಾ ಅಂತ ಕೇಳಿದ."

"ಮತ್ತೆ?"

"ನಾನು ಅತ್ತು ಕೂಗಿದೆ. ನೀನು ಹೋದ್ರೆ ನಾವು ಇಲ್ಲೇ ಸಾಯುದು ಅಂದೆ. ಅವನು, ಆಯ್ತು ಸೀತಕ್ಕ, ಹೋಗುದಿಲ್ಲ ಅಂದ. ಇಲ್ಲಿಗೆ ಮುಟ್ಟುವಾಗ ಕತ್ತಲೆ ಆಗಿತ್ತು." ಅವಳು ತಮ್ಮನ ಮುಖ ನೋಡಿದಳು. "ಯಾಕೆ, ಆ ಕೆಲಸ ಆಗ್ಲಿಲ್ವಾ ಅವನದ್ದು?"

"ಸ್ವಲ್ಪ ತಡ ಆಯ್ತು," ಎಂದ ವೆಂಕಪ್ಪ. ಹೆಚ್ಚು ಹೇಳುವ ಧೈರ್ಯ ಬರಲಿಲ್ಲ.

ಅಲ್ಲಿಂದ ನೇರ ಅಲಿಯ ಶೆಡ್ಡಿಗೆ ನಡೆದ. ಅಲಿ ತೊಳೆದ ಹಾಳೆಗಳನ್ನು ಗೋಡೆಗೆ ಆನಿಸಿ ಇಡುತ್ತಿದ್ದ.

"ಸೋಮವಾರ ನನಗೆ ಯಾಕೆ ಹೇಳ್ಲಿಲ್ಲ?"

"ಎಂತ? ಸೀತಕ್ಕ ಸುಖ ಉಂಟು ಅಂತ ಮೊದಲು ಹೇಳಿದ್ದೇ ಅದನ್ನಲ್ವಾ?"

"ಯಾರು ಹೊತ್ತು ತಂದದ್ದು ಅಂತ ಹೇಳ್ಲಿಲ್ಲ."

ಅಲಿ ಕೈ ಒರೆಸಿಕೊಂಡು ಕಲ್ಲಿನ ಮೇಲೆ ಕೂತ. "ಹೇಳಿದ್ರೆ ಎಂತ ಮಾಡ್ತಿದ್ದೆ ನೀನು? ಶನಿವಾರದ ಸೀಲ್ ಹಾಕ್ತಿದ್ದೆಯಾ?"

ವೆಂಕಪ್ಪ ಗೋಡೆಗೆ ಆನಿಸಿದ್ದ ಒಂದು ಹಾಳೆಯನ್ನು ಸರಿಮಾಡಿ ಇಟ್ಟ.

"ಹಾಕಿದ್ರೆ ಮತ್ತೆ ಆ ಕುರ್ಚಿಯಲ್ಲಿ ಕೂರ್ಲಿಕ್ಕೆ ನಿನಗೆ ಆಗ್ತಿರ್ಲಿಲ್ಲ. ಹಾಕದಿದ್ರೆ ಸೀತಕ್ಕನ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ ಮಾರಾಯ. ಬಾ, ಊಟ ಮಾಡು."



ಹದಿನೈದು ದಿನ ಕಳೆದು ಉತ್ತರ ಬಂತು. ವಾಯಿದೆ ಮುಗಿದ ಮೇಲೆ ಒಪ್ಪಿಸಿದ ಕಾಗದ, ಸ್ವೀಕರಿಸುವುದಿಲ್ಲ. ಒಂದೇ ಸಾಲು. ಗುಡ್ಡದ ಬಗ್ಗೆ, ರಸ್ತೆಯ ಬಗ್ಗೆ ವೆಂಕಪ್ಪ ಬರೆದದ್ದಕ್ಕೆ ಒಂದು ಮಾತೂ ಇಲ್ಲ. ಅಷ್ಟರಲ್ಲಿ ಆ ವ್ಯಾಪಾರಿಗೆ ಬೇರೆ ಕಡೆಯಿಂದ ಅಗ್ಗದ ತಟ್ಟೆ ಸಿಕ್ಕಿತ್ತು ಎಂದು ಆಮೇಲೆ ತಿಳಿಯಿತು. ಅರ್ಧ ಬೆಲೆಗಾದರೆ ನೋಡೋಣ ಎಂದರು. ಅಲಿ ಅದಕ್ಕೂ ಒಪ್ಪಿದ. ಆಮೇಲೆ ಅದೂ ಬೇಡವೆಂದರು. ಕಂಟೈನರು ಆಚೆಯ ಬಂದರಿನಲ್ಲಿ ಎರಡೂವರೆ ತಿಂಗಳು ಕೂತಿತು. ಹಾಳೆತಟ್ಟೆಗೆ ತೇವ ತಾಗಿದರೆ ಬೂಸಲು ಬರಲು ಎಷ್ಟು ದಿನ ಬೇಕು? ವಾಪಸು ತರಿಸುವ ಖರ್ಚು ಮಾಲಿಗಿಂತ ಹೆಚ್ಚಾಗುತ್ತಿತ್ತು. ಕೊನೆಗೆ ಬಂದರಿನವರೇ ಅದನ್ನು ನಾಶಮಾಡಿದರು.

ಆ ವರ್ಷದ ತಪಾಸಣೆಗೆ ಬಂದ ಅಧಿಕಾರಿ ವೆಂಕಪ್ಪನ ಫೈಲುಗಳನ್ನು ನೋಡಿ, ನಿಯಮ ಪಾಲನೆ ಮಾದರಿಯಾಗಿದೆ ಎಂದು ಬರೆದರು. ಪ್ರೀತಿಕಾ ಅದನ್ನು ಓದಿ ಹೇಳಿದಾಗ ಅವನು ಎದ್ದು ಹೊರಗೆ ಹೋದ.

ಮಾರ್ಚಿನಲ್ಲಿ ಶೆಡ್ಡು ಮುಚ್ಚಿತು. ಹೆಂಗಸರು ಕೆಲವರು ಬೀಡಿಗೆ, ಕೆಲವರು ರಬ್ಬರು ತೋಟಕ್ಕೆ ಹೋದರು. ಯಂತ್ರಗಳನ್ನು ಕಡಬದವರೊಬ್ಬರು ಕೊಂಡರು. ಸಾಗಿಸುವ ದಿನ ವೆಂಕಪ್ಪ ರಜೆ ಹಾಕಿ ಹೋಗಿದ್ದ. ಅಲಿ ಒಂದೊಂದು ಅಚ್ಚನ್ನೂ ಒರೆಸಿ, ಎಣ್ಣೆ ಹಚ್ಚಿ, ಯಾವ ಯಂತ್ರ ಬೇಗ ಬಿಸಿಯಾಗುತ್ತದೆ, ಯಾವುದರ ಕಾಲು ಸ್ವಲ್ಪ ಸಡಿಲ ಎಂದು ಕಡಬದವರಿಗೆ ತಾಳ್ಮೆಯಿಂದ ಹೇಳಿದ. ಲಾರಿ ಹೋದ ಮೇಲೆ ಇಬ್ಬರೂ ಖಾಲಿ ಶೆಡ್ಡಿನಲ್ಲಿ ನಿಂತರು. "ದೊಡ್ಡ ಜಾಗ ಇತ್ತಲ್ಲ ಇದು" ಎಂದ ಅಲಿ.

ಆಮೇಲೆ ಅವನು ಒಂದು ಶಾಲೆಯ ವ್ಯಾನು ಓಡಿಸಲು ಸೇರಿದ. ಹಬ್ಬಕ್ಕೆ ಫೋನು ಮಾಡುವುದನ್ನು ಬಿಡಲಿಲ್ಲ. ಸೀತಕ್ಕ ಸುಳ್ಯದಲ್ಲಿ ಮಗನ ಜೊತೆ ಬಾಡಿಗೆ ಮನೆ ಮಾಡಿದಾಗ ಸಾಮಾನು ಸಾಗಿಸಿದ್ದೂ ಅವನೇ. ವೆಂಕಪ್ಪನೇ ದೂರ ಸರಿದ. ಅಲಿ ಒಂದು ದಿನ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು, ಅಲಿ ಬೈಯಲಿಲ್ಲ. ಮೇಜು ಬದಲಿಸಿ ಕೊಡಿ ಎಂದು ಅರ್ಜಿ ಹಾಕಿ ವೆಂಕಪ್ಪ ಸುಳ್ಯದ ಶಾಖೆಗೆ, ಪಿಂಚಣಿಯ ಕೌಂಟರಿಗೆ ಬಂದ. ಸುಳ್ಯದಿಂದ ಕಲ್ಲುಗುಂಡಿಗೆ ಅರ್ಧ ಗಂಟೆಯ ದಾರಿ. ಆದರೂ ವರ್ಷದಲ್ಲಿ ಎರಡು ಸಲ ಹೋದರೆ ಹೆಚ್ಚು.

2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಅಲಿ ಕುಂಞಿ ತೀರಿಕೊಂಡ. ಆಸ್ಪತ್ರೆಗೆ ಸೇರಿ ಒಂಬತ್ತನೆಯ ದಿನ. ಉಪ್ಪ ಹೋದರು ಎಂದು ಫೋನು ಮಾಡಿದ್ದು ಮಗಳು ಆಫ್ರಾ. ಲಾಕ್‌ಡೌನ್ ಇತ್ತು, ಮಣ್ಣಿಗೆ ನಾಲ್ಕೇ ಜನ ಹೋದದ್ದು. ವೆಂಕಪ್ಪನಿಗೆ ಮುಖ ನೋಡುವುದಾಗಲಿಲ್ಲ.

ಬಸ್ಸು ಶುರುವಾದ ಮೇಲೆ ಅಕ್ಕನನ್ನು ಕರೆದುಕೊಂಡು ಹೋದ. ಶೆಡ್ಡಿನಲ್ಲಿ ಈಗ ಯಾರದೋ ರಬ್ಬರ್ ಶೀಟುಗಳ ದಾಸ್ತಾನು. ಮನೆಯ ಜಗಲಿಯಲ್ಲಿ ಆಫ್ರಾ ಚಹಾ ತಂದಿಟ್ಟಳು. ಅವಳು ಆಗ ಪಿಯುಸಿ ಮುಗಿಸಿ, ಮುಂದೇನು ಎಂದು ತಿಳಿಯದೆ ತಾಯಿಯ ಜೊತೆ ಮನೆಯಲ್ಲಿದ್ದಳು. ಸೀತಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಶನಿವಾರದ ಕತೆಯನ್ನೆಲ್ಲ ಹೇಳಿದಳು. ಕುರ್ಚಿಗೆ ಕಟ್ಟಿದ್ದು, ಕೆಸರಿನಲ್ಲಿ ಎರಡು ಸಲ ಕಾಲು ಜಾರಿದರೂ ಕುರ್ಚಿ ಬಿಡದೆ ಇದ್ದದ್ದು.

ವೆಂಕಪ್ಪ ಚಹಾ ಕುಡಿಯದೆ ಕೂತಿದ್ದ. ಕೊನೆಗೆ ಹೇಳಿದ. "ಆ ಕಾಗದಕ್ಕೆ ಸೋಮವಾರದ ಸೀಲ್ ಹಾಕಿದ್ದು ನಾನು ಮಗಾ."

"ಗೊತ್ತುಂಟು ಮಾಮ," ಎಂದಳು ಆಫ್ರಾ. "ಉಪ್ಪ ಹೇಳಿದ್ದಾರೆ. ವೆಂಕಪ್ಪನ ಹತ್ತಿರ ಯಾವತ್ತೂ ಅದರ ಸುದ್ದಿ ತೆಗೀಬಾರ್ದು ಅಂತಲೂ ಹೇಳಿದ್ದಾರೆ."

ಸೀತಕ್ಕನಿಗೆ ಅದು ಗೊತ್ತಿರಲಿಲ್ಲ. ಮೂರು ವರ್ಷ ತಮ್ಮ ಅವಳಿಗೆ ಹೇಳಿರಲಿಲ್ಲ, ಅಲಿಯೂ ಹೇಳಿರಲಿಲ್ಲ. ಶೆಡ್ಡು ಮುಚ್ಚಿದ್ದು ವ್ಯಾಪಾರ ಬಿದ್ದುಹೋಗಿ ಎಂದೇ ಅವಳು ತಿಳಿದಿದ್ದಳು. ಅವಳು ಒಮ್ಮೆ ಆಫ್ರಾಳ ಮುಖ, ಒಮ್ಮೆ ತಮ್ಮನ ಮುಖ ನೋಡಿದಳು.

ಬಸ್ಸಿನಲ್ಲಿ ಕೇಳಿದಳು. ಅವನು ಎಲ್ಲವನ್ನೂ ಹೇಳಿದ: ವಾಯಿದೆ, ಮೂರನೇ ಶನಿವಾರ, ಜರ್ಮನಿಯ ಒಂದು ಸಾಲಿನ ಉತ್ತರ.

"ನನ್ನಿಂದ ಆದದ್ದು ಅದು," ಎಂದಳು ಸೀತಕ್ಕ. "ನಾನು ಅಳದಿದ್ರೆ ಅವನು ಹೋಗ್ತಿದ್ದ."

"ಇಲ್ಲಕ್ಕ. ನಿನ್ನಿಂದ ಎಂತದೂ ಅಲ್ಲ."

ಬಸ್ಸು ಅರಂತೋಡು ದಾಟಿತು. ಮತ್ತೆ ಮೆಲ್ಲಗೆ, "ಆ ಸೀಲು ನಿನ್ನ ಕೈಯಲ್ಲೇ ಇತ್ತಲ್ಲ. ನೀನು ಮನಸ್ಸು ಮಾಡಿದ್ರೆ ಶನಿವಾರದ್ದು ಹಾಕ್ಲಿಕ್ಕೆ ಆಗ್ತಿತ್ತಾ?" ಎಂದಳು.

ವೆಂಕಪ್ಪ ಅಕ್ಕನಿಗೆ ಸುಳ್ಳು ಹೇಳಲಿಲ್ಲ.

"ಆಗ್ತಿತ್ತು."

ಸೀತಕ್ಕ ಕಿಟಕಿಯ ಕಡೆಗೆ ತಿರುಗಿದಳು. ಸುಳ್ಯದಲ್ಲಿ ಇಳಿಯುವಾಗ ಅವಳ ಚೀಲ ಹಿಡಿದುಕೊಳ್ಳಲು ಅವನು ಕೈ ಚಾಚಿದ.

"ಬೇಡ," ಎಂದಳು. "ನಾನೇ ಹಿಡ್ಕೊಳ್ತೇನೆ."